ಏರಿಯ ಬದಿಯೇ ಕೆರೆಯ ಆಳ: ರಜೆಗೆ ಕೋಲಾರಕ್ಕೆ ಬರುವವರಿಗೆ ಒಂದು ಎಚ್ಚರಿಕೆ

ಕಳೆದ ದಸರಾ ರಜೆಯಲ್ಲಿ ನನ್ನ ತಂಗಿಯ ಮಗ ಕೆರೆಯ ನಡಿಗೆ ಪಥದಿಂದ ನೀರಿಗೆ ಜಾರಿದ. ಒಂಬತ್ತು ವರ್ಷದ ಹುಡುಗ. ಬದುಕಿದ್ದಾನೆ, ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದುವವರು ಅವನ ಗತಿ ಏನಾಯಿತೋ ಎಂಬ ಆತಂಕದಲ್ಲಿ ಓಡಿಸಿಕೊಂಡು ಓದಬಾರದು. ನಿಧಾನವಾಗಿ ಓದಬೇಕು.

ಅದು ಕೋಲಾರ ತಾಲ್ಲೂಕಿನ ಒಂದು ಕೆರೆ. ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಕೆರೆ ಮಾತ್ರ ಅಪಾಯದ್ದು, ಉಳಿದವು ಪರವಾಗಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಈ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ, ಏರಿ ಇರುವ ಕೆರೆಗಳೆಲ್ಲದರ ಗುಣವೂ ಒಂದೇ.

ತಂಗಿಯ ಮನೆ ಮಂಗಳೂರಿನಲ್ಲಿ. ರಜೆಗೆ ಬಂದವರನ್ನು ಎಲ್ಲರೂ ಕರೆದೊಯ್ಯುವಂತೆ ನಾನೂ ಬೆಳಿಗ್ಗೆ ಅಂತರಗಂಗೆಯ ಮೆಟ್ಟಿಲು ಹತ್ತಿಸಿದೆ, ಬಸವನ ಬಾಯಿಂದ ಬೀಳುವ ನೀರು ತೋರಿಸಿದೆ. ಮಧ್ಯಾಹ್ನ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ. ಸಂಜೆಗೆ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗೆ ಕೆರೆಯ ಏರಿಯೇ ಹೊಳೆದಂಡೆ. ಈಗ ಏರಿಯ ಮೇಲೆ ಕಲ್ಲು ಹಾಸಿದ್ದಾರೆ, ದೀಪದ ಕಂಬ ನಿಲ್ಲಿಸಿದ್ದಾರೆ, ಕೂರಲು ಬೆಂಚುಗಳಿವೆ, ಚುರುಮುರಿ ಗಾಡಿ ಬರುತ್ತದೆ. ನೀರು ತುಂಬಿ, ಆಚೆ ದಡದ ಬೆಟ್ಟದ ನೆರಳು ಬಿದ್ದು, ಗಾಳಿ ಬೀಸುತ್ತಿತ್ತು. ತಂಗಿ ಬಹಳ ಸಂತೋಷಪಟ್ಟಳು. ನನಗೂ ಹೆಮ್ಮೆಯಾಯಿತು. ನಾನು ಹುಡುಗಿಯಾಗಿದ್ದಾಗ ಇದೇ ಕೆರೆಯ ಅಂಗಳದಲ್ಲಿ ಸೈಕಲ್ ಕಲಿತವಳು. ನನ್ನ ತಮ್ಮಂದಿರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಕೆರೆ ಎಂದರೆ ಜಾಲಿ ಬೆಳೆದ ಬಯಲು ಎಂದೇ ತಿಳಿದು ನಮ್ಮ ತಲೆಮಾರು ಬೆಳೆಯಿತು. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ನೋಡಲು ಹೋದರು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ನೀರು ಮರಳಿ ಬಂತು, ಆದರೆ ನೀರಿನ ತಿಳಿವಳಿಕೆ ಮರಳಿ ಬರಲಿಲ್ಲ. ನಮಗೆ ಈಜು ಬಾರದು, ಆಳ ಗೊತ್ತಿಲ್ಲ, ಎಲ್ಲಿ ಇಳಿಯಬೇಕು ಎಲ್ಲಿ ಇಳಿಯಬಾರದು ಎಂದು ಹೇಳಿಕೊಡಲು, ಕೆರೆಯ ನೀರು ನೋಡಿಕೊಳ್ಳುತ್ತಿದ್ದ ನೀರಗಂಟಿಯೂ ಇಲ್ಲ.

ಹುಡುಗ ಬೆಣ್ಣೆ ಹಚ್ಚಿದ ಜೋಳ ತಿಂದ. ಕೈ ಅಂಟುಅಂಟಾಗಿದೆ, ತೊಳೆದುಕೊಂಡು ಬರುತ್ತೇನೆ ಎಂದ. ಇಲ್ಲಿ ಕಂಬಿಗಳ ನಡುವೆ ಒಂದು ಬಾಗಿಲಿನಷ್ಟು ಜಾಗ ತೆರೆದಿತ್ತು. ಗಣೇಶನನ್ನು ಬಿಡಲು ಅಲ್ಲಿದ್ದ ಸರಪಳಿಯನ್ನು ಬಿಚ್ಚಿದ್ದರು, ಹಬ್ಬ ಮುಗಿದು ತಿಂಗಳಾದರೂ ಯಾರೂ ಮರಳಿ ಕಟ್ಟಿರಲಿಲ್ಲ. ಕೆಳಗೆ ನಾಲ್ಕೈದು ಮೆಟ್ಟಿಲು, ಆಮೇಲೆ ಇಳಿಜಾರಾಗಿ ಜೋಡಿಸಿದ ಕಲ್ಲು. ನೀರು ಕಾಲಿನ ಬಳಿಯೇ ಇದ್ದಂತೆ ಕಾಣುತ್ತಿತ್ತು. ತಂಗಿ ‘ಹೂಂ, ಹೋಗು, ಹುಷಾರು’ ಎಂದಳು. ಅವಳದ್ದು ತಪ್ಪಲ್ಲ. ಪಣಂಬೂರಿನ ಕಡಲ ದಂಡೆಯಲ್ಲಿ ಅವಳ ಮಗ ಮೊಣಕಾಲು ನೀರಿನಲ್ಲಿ ಆಡಿ ಬೆಳೆದವನು. ಅಂಚಿನಲ್ಲಿ ನೀರು ಕಡಿಮೆ, ಒಳಗೆ ಹೋದಂತೆ ಜಾಸ್ತಿ ಎಂಬುದು ಅವಳು ಕಂಡ ಲೆಕ್ಕ. ಸಾಲದ್ದಕ್ಕೆ ಅವನು ಎರಡು ಬೇಸಿಗೆ ಈಜುಕೊಳಕ್ಕೆ ಹೋಗಿ ಈಜು ಕಲಿತಿದ್ದ. ತಡೆಯಬೇಕಾದವಳು ನಾನು. ಈ ಊರಿನವಳು ನಾನು.

ಇಲ್ಲಿಯೇ ನಾನು ಎಲ್ಲರಿಗೂ ಹೇಳಬೇಕಾದ ಮಾತಿರುವುದು. ಕೆರೆ ಸಮುದ್ರವಲ್ಲ, ಬಾವಿಯೂ ಅಲ್ಲ. ಇಳಿಜಾರಾಗಿ ಬರುವ ನೆಲದ ತಗ್ಗಿನ ಕೊನೆಯಲ್ಲಿ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ನೀರು ಅದು. ಆದ್ದರಿಂದ ಅದರ ಅತ್ಯಂತ ಆಳದ ಜಾಗ ನಡುವಿನಲ್ಲಿರುವುದಿಲ್ಲ, ಏರಿಯ ಬುಡದಲ್ಲಿರುತ್ತದೆ. ತೂಬಿನ ಹತ್ತಿರವಂತೂ ಇನ್ನೂ ಆಳ, ಏಕೆಂದರೆ ಕಟ್ಟಕಡೆಯ ನೀರೂ ಹೊಲಕ್ಕೆ ಹೋಗಲೆಂದು ತೂಬನ್ನು ತಗ್ಗಿನಲ್ಲಿಯೇ ಇಟ್ಟಿರುತ್ತಾರೆ. ಈಗ ನಡಿಗೆ ಪಥ ಇರುವುದು ಎಲ್ಲಿ? ಏರಿಯ ಮೇಲೆ. ನಾವು ಮಕ್ಕಳ ಕೈ ಬಿಟ್ಟು ಚುರುಮುರಿ ತಿನ್ನುವುದು ಕೆರೆಯ ಅತಿ ಆಳದ ಬದಿಯಲ್ಲಿ.

ಹುಡುಗ ಕೊನೆಯ ಮೆಟ್ಟಿಲಿನಿಂದ ಒಂದು ಹೆಜ್ಜೆ ಕಲ್ಲಿನ ಮೇಲಿಟ್ಟ. ಬಿದ್ದ ಸದ್ದು ಕೇಳಿಸಲಿಲ್ಲ. ಕೂತಂತೆ ಜಾರಿದ, ಸೊಂಟದವರೆಗೆ ನೀರು ಬಂತು, ಆಮೇಲೆ ಎದೆಯವರೆಗೆ. ಅವನ ಎರಡೂ ಕೈ ಕಲ್ಲಿನ ಮೇಲಿದ್ದವು. ಆ ಬೆರಳುಗಳನ್ನು ನಾನು ಇಂದಿಗೂ ಕಾಣುತ್ತೇನೆ: ಪಾಚಿಯ ಮೇಲೆ ಹತ್ತು ಗೆರೆ ಎಳೆಯುತ್ತ ನಿಧಾನವಾಗಿ ಕೆಳಗೆ ಹೋದವು. ಹಸಿರು ಪಾಚಿ ಕಿತ್ತುಬಂದು ಕೆಳಗಿನ ಬಿಳಿ ಕಲ್ಲು ಗೆರೆಗೆರೆಯಾಗಿ ಕಾಣಿಸಿತು. ಅಲೆ ಹೊಡೆತಕ್ಕೆ ಏರಿಯ ಮಣ್ಣು ಕರಗದಿರಲೆಂದು ಹೊದಿಸುವ ಕಲ್ಲು ಅದು, ಮನುಷ್ಯರು ಹತ್ತಿಳಿಯಲೆಂದು ಹಾಕಿದ್ದಲ್ಲ. ನೀರು ಏರಿ ಇಳಿಯುವ ಮಟ್ಟದಲ್ಲಿ ಅದಕ್ಕೆ ಎಣ್ಣೆ ಸವರಿದಂತೆ ಪಾಚಿ ಕಟ್ಟುತ್ತದೆ. ಇಳಿಯುವುದಕ್ಕೆ ಒಂದು ಕ್ಷಣ ಸಾಕು, ಹತ್ತುವುದಕ್ಕೆ ಹಿಡಿತವೇ ಇಲ್ಲ.

ಅವನು ಕೂಗಲಿಲ್ಲ. ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ನಾವು ತಿಳಿದಿದ್ದೇವೆ. ಮುಳುಗುವವರಿಗೆ ಉಸಿರು ಎಳೆದುಕೊಳ್ಳುವುದೇ ಆಗದಿರುವಾಗ ಕೂಗಲು ಉಸಿರು ಎಲ್ಲಿಂದ ಬರಬೇಕು? ಬಾಯಿ ನೀರಿನ ಮೇಲೆ ಬಂತು, ಒಳಗೆ ಹೋಯಿತು, ಮತ್ತೆ ಬಂತು. ಕಣ್ಣು ನಮ್ಮನ್ನೇ ನೋಡುತ್ತಿತ್ತು. ಪಕ್ಕದ ಬೆಂಚಿನಲ್ಲಿ ಕುಳಿತಿದ್ದವರಿಗೆ ಹುಡುಗ ನೀರಾಟವಾಡುತ್ತಿದ್ದಾನೆ ಎಂದೇ ಅನ್ನಿಸಿತಂತೆ. ಕಲಿತ ಈಜೂ ನೆರವಿಗೆ ಬರಲಿಲ್ಲ. ಜೀನ್ಸ್ ತೊಟ್ಟಿದ್ದ, ಶೂ ಹಾಕಿದ್ದ, ಒಂದು ಕಾಲಿಗೆ ನೀರಿನೊಳಗೆ ಏನೋ ಸುತ್ತಿಕೊಂಡಿತ್ತು. ಆಮೇಲೆ ನೋಡಿದರೆ ಅದು ಗಣೇಶನ ಪೀಠದ ಮರದ ಚೌಕಟ್ಟಿಗೆ ಕಟ್ಟಿದ್ದ ಬಟ್ಟೆ.

ತಂಗಿಯ ಗಂಡ ಓಡಿ ಇಳಿದರು. ಅವರೂ ಅದೇ ಕಲ್ಲಿನ ಮೇಲೆ ಜಾರಿದರು. ಪುಣ್ಯಕ್ಕೆ ಮೆಟ್ಟಿಲಿನ ಅಂಚು ಕೈಗೆ ಸಿಕ್ಕಿತು, ಅದನ್ನು ತಬ್ಬಿ ಉಳಿದುಕೊಂಡರು. ನಾನು ಇಳಿಯಲು ಹೋದಾಗ ಹಿಂದಿನಿಂದ ‘ಇಳಿಯಬೇಡಿ, ಯಾರೂ ಇಳಿಯಬೇಡಿ!’ ಎಂಬ ಕೂಗು ಬಂತು. ಏರಿಯ ಆಚೆ ಬದಿಯಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಹಿರಿಯರು ದೋಟಿ ಹಿಡಿದುಕೊಂಡು ಓಡಿಬಂದರು. ಮೇಕೆಗೆ ಸೊಪ್ಪು ಕೊಯ್ಯುವ, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರುಗಳ. ಅವರು ಮೆಟ್ಟಿಲ ಮೇಲೆ ಬೋರಲು ಮಲಗಿದರು, ‘ನನ್ನ ಕಾಲು ಹಿಡಿದುಕೊಳ್ಳಿ’ ಎಂದರು, ಗಳವನ್ನು ತಿರುಗಿಸಿ ಕುಡುಗೋಲಿನ ತುದಿಯನ್ನು ತಮ್ಮ ಕಡೆಗಿಟ್ಟುಕೊಂಡು ಬುಡವನ್ನು ಹುಡುಗನ ಎದೆಗೆ ತಾಗಿಸಿದರು. ಅವನು ಹಿಡಿದ. ಎಳೆದರು. ಆ ಅವಸರದಲ್ಲಿ ಕುಡುಗೋಲು ಅವರ ಹೆಗಲನ್ನು ಸೀಳಿತ್ತು. ಅದನ್ನು ಅವರು ನೋಡಿಕೊಂಡಿದ್ದು ಹುಡುಗ ಮೇಲೆ ಬಂದು ವಾಂತಿ ಮಾಡಿಕೊಂಡ ಮೇಲೆ.

ಅವರ ತಂದೆ ಅದೇ ಕೆರೆಯ ನೀರಗಂಟಿಯಾಗಿದ್ದರಂತೆ. ‘ಇಲ್ಲಿ ತೂಬಿನ ಗುಂಡಿ ಇದೆ ತಾಯಿ, ಮೂರಾಳು ನೀರು’ ಎಂದರು. ಅಷ್ಟೇ ಹೇಳಿದ್ದು. ನಮ್ಮನ್ನು ಬಯ್ಯಲಿಲ್ಲ.

ಆಚೆ ದಡ ಸಮತಟ್ಟಾಗಿದೆ, ಅಲ್ಲಿ ಇಳಿಯಬಹುದಲ್ಲ ಎಂದು ನಾನು ಕೇಳಿದಾಗ ಅವರು ಬೇಡವೆಂದು ತಲೆಯಾಡಿಸಿದರು. ಕೆರೆ ಒಣಗಿದ್ದ ವರ್ಷಗಳಲ್ಲಿ ಅಂಗಳದ ಗೋಡುಮಣ್ಣನ್ನು ಹೊಲಗಳಿಗೆ ಹೊಡೆದಿದ್ದಾರೆ, ಇಟ್ಟಿಗೆ ಗೂಡುಗಳಿಗೆ ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಸಾಗಿಸಿದ್ದಾರೆ. ಮಾಲೂರಿನ ಇಟ್ಟಿಗೆ, ಹೆಂಚು ಎಂದು ಹೆಸರು ಬಂದಿರುವ ಸೀಮೆಯಲ್ಲಿ ಕೆರೆಯ ಮಣ್ಣಿಗೆ ಎಂದೂ ಬೇಡಿಕೆ ಕಡಿಮೆಯಾಗಿಲ್ಲ. ಜೆಸಿಬಿ ತೋಡಿದ ಗುಂಡಿಗೆ ಇಳಿಜಾರು ಇರುವುದಿಲ್ಲ, ಬಾವಿಯ ಗೋಡೆಯಂತೆ ನೇರ ಇರುತ್ತದೆ. ಈಗ ಅವುಗಳ ಮೇಲೆ ನೀರು ನಿಂತಿದೆ. ಮೊಣಕಾಲು ನೀರಿನಲ್ಲಿ ನಡೆಯುತ್ತಿರುವವರ ಮುಂದಿನ ಹೆಜ್ಜೆ ಎರಡಾಳು ಗುಂಡಿಗೆ ಬೀಳುತ್ತದೆ. ಬಟ್ಟೆ ಒಗೆಯಲು ಹೋದ ತಾಯಿ, ಮಗಳು, ಅವರನ್ನು ಎತ್ತಲು ಹೋದ ಇನ್ನೊಬ್ಬರು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಒಂದೇ ಮನೆಯವರು ಹೇಗೆ ಹೀಗೆ ಹೋಗುತ್ತಾರೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹೀಗೇ ಹೋಗುತ್ತಾರೆ. ತಂಗಿಯ ಗಂಡನ ಕೈಗೆ ಆ ಮೆಟ್ಟಿಲು ಸಿಗದಿದ್ದರೆ ಇಬ್ಬರು, ನನ್ನನ್ನು ಯಾರೂ ಕೂಗದಿದ್ದರೆ ಮೂವರು.

ಯಾರಾದರೂ ಮುಳುಗುತ್ತಿದ್ದರೆ ದಯವಿಟ್ಟು ನೀವೂ ನೀರಿಗೆ ಇಳಿಯಬೇಡಿ. ಸೀರೆ, ದುಪಟ್ಟಾ, ಹಗ್ಗ, ಉದ್ದನೆಯ ಕೋಲು, ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಕ್ಯಾನ್, ಏನು ಸಿಕ್ಕರೂ ಅದನ್ನು ಅವರ ಕೈಗೆ ತಲುಪಿಸಿ. ನೀವು ಮಲಗಿಕೊಂಡು ಚಾಚಿ, ನಿಮ್ಮ ಕಾಲನ್ನು ಇನ್ನೊಬ್ಬರು ಹಿಡಿದಿರಲಿ. ಅಷ್ಟರಲ್ಲಿ ಮತ್ತೊಬ್ಬರು 112ಕ್ಕೆ ಕರೆ ಮಾಡಲಿ. ಅಂದು ನಮ್ಮ ಸುತ್ತ ಇಪ್ಪತ್ತು ಜನ ಸೇರಿದ್ದರು. ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು. ಅವರಲ್ಲಿ ಒಬ್ಬರೂ ಕರೆ ಮಾಡಿರಲಿಲ್ಲ ಎಂಬುದು ನನಗೆ ಈಗಲೂ ಸಂಕಟ ತರುತ್ತದೆ.

ಮೇಲೆ ತಂದ ಮೇಲೆ ಇಬ್ಬರು ಗಂಡಸರು ಅವನ ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸಲು ಬಂದರು, ಇನ್ನೊಬ್ಬರು ಹೊಟ್ಟೆ ಒತ್ತಲು ಕೂತರು. ಒಳ್ಳೆಯ ಮನಸ್ಸಿನಿಂದಲೇ ಬಂದವರು, ಆದರೆ ಅದು ತಪ್ಪು. ಹೊಟ್ಟೆಯ ನೀರು ಮೇಲೆ ಬಂದು ಶ್ವಾಸಕೋಶಕ್ಕೇ ಇಳಿಯಬಹುದು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ಉಸಿರಿಲ್ಲದಿದ್ದರೆ ಒಂದು ಕ್ಷಣವೂ ಕಾಯದೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಲು ಶುರು ಮಾಡಬೇಕು. ನಮ್ಮ ಹುಡುಗ ಉಸಿರಾಡುತ್ತಿದ್ದ, ಮಾತಾಡುತ್ತಿದ್ದ, ಮನೆಗೆ ಹೋಗೋಣ ಎಂದು ಹಟ ಹಿಡಿದ. ನಾವೂ ಹೊರಟುಬಿಡುತ್ತಿದ್ದೆವು. ಆ ಹಿರಿಯರೇ ‘ನೀರು ಕುಡಿದಿದ್ದಾನೆ, ಮೊದಲು ಆಸ್ಪತ್ರೆಗೆ’ ಎಂದು ಆಟೋ ನಿಲ್ಲಿಸಿದರು. ಒಂಬತ್ತು ಗಂಟೆಯ ಹೊತ್ತಿಗೆ ಕೆಮ್ಮು ಹೆಚ್ಚಾಯಿತು, ಪಕ್ಕೆಲುಬು ಎದ್ದು ಕಾಣುವಂತೆ ಉಸಿರು ಎಳೆಯತೊಡಗಿದ. ಆಮ್ಲಜನಕ ಹಾಕಿ ರಾತ್ರಿಯಿಡೀ ನೋಡಿಕೊಂಡರು. ಮನೆಯಲ್ಲಿ ಮಲಗಿಸಿದ್ದರೆ ನೆಗಡಿ ಎಂದುಕೊಂಡು ಕಷಾಯ ಮಾಡಿ ಕೊಡುತ್ತಿದ್ದೆನೇನೋ. ಬೆಳಿಗ್ಗೆ ಅವನು ಇಡ್ಲಿ ಬೇಕೆಂದು ಕೇಳಿದಾಗ ತಂಗಿ ಮೊದಲ ಬಾರಿಗೆ ಅತ್ತಳು.

ಕೆರೆಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಣಗಿದ ಕೆರೆಗಳನ್ನು ನೋಡಿ ಬೆಳೆದವಳಿಗೆ ತುಂಬಿದ ಕೆರೆ ಏನೆಂದು ಗೊತ್ತು. ಹೋಗಿ, ಕೂತು ನೋಡಿ. ಮಗುವಿನ ಕೈ ನಿಮ್ಮ ಕೈಯಲ್ಲಿರಲಿ, ತೊಳೆಯುವ ನೀರನ್ನು ಬಾಟಲಿಯಲ್ಲಿ ಕೊಂಡೊಯ್ಯಿರಿ, ಫೋಟೋಗಾಗಿ ಕಂಬಿ ದಾಟಬೇಡಿ. ನೆಂಟರ ಮಕ್ಕಳಿದ್ದರೆ, ಊರಿನವರಾದ ನೀವೇ ಮುಂದಾಗಿ ಏರಿಯ ಬದಿಯ ಆಳವನ್ನು ಅವರಿಗೆ ಹೇಳಿ. ಅವರಿಗೆ ಅದು ಗೊತ್ತಿರುವುದಿಲ್ಲ.

ಸರಪಳಿ ಕಟ್ಟಿಸಿ, ಆಳ ಬರೆದ ಫಲಕ ಹಾಕಿಸಿ, ಒಂದು ಹಗ್ಗ ಮತ್ತು ತೇಲುವ ಟ್ಯೂಬ್ ಅಲ್ಲೇ ತೂಗುಹಾಕಿಸಿ ಎಂದು ಸಂಬಂಧಪಟ್ಟ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ನಿನ್ನೆ ಸಂಜೆ ಹೋಗಿ ನೋಡಿದೆ. ಸರಪಳಿಯ ಜಾಗದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ದಾರ ಕಟ್ಟಿದ್ದರು. ಅದರಡಿ ನುಸುಳಿ ಇಬ್ಬರು ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಕೂಗಿ ಮೇಲೆ ಕರೆದೆ. ತಾಯಿ ದೂರದ ಬೆಂಚಿನಲ್ಲಿದ್ದರು, ನನ್ನ ಕೂಗಿಗೆ ಸಿಟ್ಟಾಗಿಯೇ ಎದ್ದು ಬಂದರು. ಕಲ್ಲಿನ ಕಡೆ ಕೈ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಮಾತಾಡಲಿಲ್ಲ, ಇಬ್ಬರ ಕೈಯನ್ನೂ ಹಿಡಿದುಕೊಂಡು ಅಲ್ಲಿಯೇ ನಿಂತರು.