ಹಳೆಯ ಕಾರುಗಳನ್ನು ಗುರುತಿಸುವ ಒಂದು ಮೊಬೈಲ್ ಆ್ಯಪ್

ರಸ್ತೆಯಲ್ಲಿ ಕಣ್ಣಿಗೆ ಬಿದ್ದ ಅಪರೂಪದ ಕಾರಿನ ಫೋಟೋ ಕೊಟ್ಟರೆ ಅದರ ತಯಾರಕರು, ಮಾದರಿ ಮತ್ತು ವರ್ಷವನ್ನು ತಿಳಿಸುವುದಾಗಿ ಹೇಳಿಕೊಳ್ಳುವ ಆ್ಯಪ್ ಒಂದನ್ನು ಕೆಲವು ಕಾಲದಿಂದ ಬಳಸುತ್ತಿದ್ದೇನೆ. ಮಾದರಿಯ ಹೆಸರಿನ ಮಟ್ಟಿಗೆ ಇದರ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಮುಂಭಾಗ ಸ್ಪಷ್ಟವಾಗಿದ್ದರೆ ಸಿಟ್ರೊಯೆನ್ ಡಿಎಸ್, ಜಾಗ್ವಾರ್ ಇ-ಟೈಪ್‌ಗಳನ್ನು ಕ್ಷಣದಲ್ಲಿ ಗುರುತಿಸುತ್ತದೆ.

ತೊಡಕಿರುವುದು ವರ್ಷದ ವಿಷಯದಲ್ಲಿ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂಬದಿಯ ಗಾಜು 1953ರ ಆರಂಭದವರೆಗೆ ನಡುವೆ ಪಟ್ಟಿಯಿದ್ದ ಎರಡು ಭಾಗಗಳಾಗಿತ್ತು. ಬಳಿಕ ಒಂದೇ ಅಂಡಾಕಾರದ ಗಾಜು ಬಂದು, 1958ರ ಮಾದರಿಯಿಂದ ಅದು ಅಗಲವಾದ ಆಯತಾಕಾರಕ್ಕೆ ಬದಲಾಯಿತು. ಕಾಲ ನಿರ್ಧರಿಸಲು ಇಷ್ಟು ಸ್ಪಷ್ಟವಾದ ಗುರುತು ಸಿಗುವುದೇ ವಿರಳ. ಆದರೂ ಅಂಡಾಕಾರದ ಗಾಜು ನಿಚ್ಚಳವಾಗಿ ಕಾಣುತ್ತಿದ್ದ ಚಿತ್ರಕ್ಕೆ ಈ ಆ್ಯಪ್ 1960ರ ದಶಕದ ಕಾರು ಎಂದು ಉತ್ತರಿಸಿತು. ಹೆಡ್‌ಲೈಟ್‌ಗಳನ್ನೂ ಅದು ಗಮನಿಸುವುದಿಲ್ಲ. 1961ರಲ್ಲಿ ಬಂದ ಇ-ಟೈಪ್‌ನ ಆರಂಭದ ಕಾರುಗಳಲ್ಲಿ ಹೆಡ್‌ಲೈಟ್‌ಗೆ ಗಾಜಿನ ಹೊದಿಕೆಯಿತ್ತು, ನಂತರದವುಗಳಲ್ಲಿ ಅದನ್ನು ಕೈಬಿಡಲಾಯಿತು. ಡಿಎಸ್‌ನಲ್ಲಿ ಇದು ತಿರುವುಮುರುವಾಗಿ, 1955ರ ಕಾರಿಗೆ ಇಲ್ಲದ ಹೊದಿಕೆ 1967ರಲ್ಲಿ ಬಂದಿತು.

ಬೀಟಲ್‌ನ ತಳಭಾಗದ ಮೇಲೆ ಫೈಬರ್‌ಗ್ಲಾಸ್ ಹೊರಮೈ ಕೂರಿಸಿದ ಪೋರ್ಷೆ 356 ಸ್ಪೀಡ್‌ಸ್ಟರ್ ಪ್ರತಿಕೃತಿಗಳು ಸಾಕಷ್ಟಿವೆ. ಅಂಥವನ್ನು ಫೋಟೋದಿಂದಲೇ ಬೇರ್ಪಡಿಸುವುದು ಪರಿಣತರಿಗೂ ಕಷ್ಟವಾದ್ದರಿಂದ ಅದನ್ನು ದೋಷವೆಂದು ಎಣಿಸಲಾರೆ, ಆದರೆ ಪ್ರತಿಕೃತಿ ಇರಬಹುದೆಂಬ ಒಂದು ಸಾಲಿನ ಎಚ್ಚರಿಕೆಯಾದರೂ ಬೇಕಿತ್ತು. ಉಚಿತ ಆವೃತ್ತಿಯನ್ನು ಧಾರಾಳವಾಗಿ ಬಳಸಬಹುದು. ಯಾವ ಗುರುತನ್ನು ನೋಡಿ ವರ್ಷ ಹೇಳಿತೆಂಬುದನ್ನು ತೋರಿಸುವ ವ್ಯವಸ್ಥೆ ಬರುವವರೆಗೆ ಹಣ ಕೊಟ್ಟು ಚಂದಾದಾರರಾಗಿ ಎಂದು ನಾನು ಶಿಫಾರಸು ಮಾಡುವುದಿಲ್ಲ.