ಡ್ರೂಲ್ಸ್‌ನ ‘ನಾಟ್’ ಕಂಡೀಷನ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಡ್ರೂಲ್ಸ್ ಎಂದರೆ ‘ಹೀಗಿದ್ದರೆ ಹೀಗೆ ಮಾಡು’ ಎಂಬ ರೂಲ್‌ಗಳನ್ನು ನಡೆಸುವ ಜಾವಾ ಎಂಜಿನ್. ಅದರಲ್ಲಿ ಇರುವುದನ್ನು ಹಿಡಿಯುವ ರೂಲ್ ಯಾರು ಬೇಕಾದರೂ ಬರೆಯುತ್ತಾರೆ. ಇಲ್ಲದಿರುವುದನ್ನು ಹಿಡಿಯುವ ರೂಲ್ ಬರೆಯುವಾಗಲೇ ತಪ್ಪುಗಳು ನುಸುಳುವುದು. ಅದಕ್ಕೆಂದೇ ಇರುವ ‘ನಾಟ್’ ಈ ಎಂಜಿನ್‌ನ ಅತ್ಯುತ್ತಮ ಸವಲತ್ತುಗಳಲ್ಲೊಂದು. ಆದರೆ ಅದು ಹೇಳುವುದು ಇಷ್ಟೇ: ಈ ಕ್ಷಣದಲ್ಲಿ, ಈ ಸೆಷನ್ನಿನ ವರ್ಕಿಂಗ್ ಮೆಮೊರಿಯಲ್ಲಿ (ಎಂಜಿನ್‌ಗೆ ಈ ಬಾರಿ ಕೊಟ್ಟ ಮಾಹಿತಿಯಲ್ಲಿ), ಈ ಷರತ್ತಿಗೆ ಹೊಂದುವ ಒಂದು ಫ್ಯಾಕ್ಟೂ (ಹಾಗೆ ಕೊಟ್ಟ ಆಬ್ಜೆಕ್ಟ್) ಇಲ್ಲ. ಡೇಟಾಬೇಸ್‌ನಲ್ಲಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಎಲ್ಲರೂ ಮೊದಲು ಎಡವುವ ಜಾಗ ಒಂದಿದೆ. ಒಂದು ಅರ್ಜಿ, ಅದರ ಜೊತೆ ಮೂರು ದಾಖಲೆ: ವಿಳಾಸ, ಆದಾಯ, ಗುರುತು. ವಿಳಾಸದ ದಾಖಲೆ ಇಲ್ಲದಿದ್ದರೆ ಅರ್ಜಿ ತಡೆಹಿಡಿಯಬೇಕು. ಅದಕ್ಕೆ ಹೀಗೆ ಬರೆದುಬಿಡುತ್ತಾರೆ:

ದಾಖಲೆ( ವಿಧ != "ವಿಳಾಸ" )

ವಿಳಾಸದ ದಾಖಲೆ ಕಣ್ಣೆದುರಿಗೇ ಇದ್ದರೂ ಈ ರೂಲ್ ಎರಡು ಸಲ ಫೈರ್ ಆಗುತ್ತದೆ, ಅಂದರೆ ಅದರ ಕೆಲಸ ನಡೆಯುತ್ತದೆ. ಆದಾಯದ ದಾಖಲೆಗೊಮ್ಮೆ, ಗುರುತಿನ ದಾಖಲೆಗೊಮ್ಮೆ. ಒಂದು ದಾಖಲೆಯೂ ಇಲ್ಲದ ಅರ್ಜಿ ಬಂದರೆ ಫೈರ್ ಆಗುವುದೇ ಇಲ್ಲ. ಅಂದರೆ ಬೇಕಾದಾಗ ಸುಮ್ಮನಿದ್ದು ಬೇಡವಾದಾಗ ಕೂಗುತ್ತದೆ. ‘ವಿಳಾಸವಲ್ಲದ ದಾಖಲೆ ಯಾವುದಾದರೂ ಇದೆಯೇ’ ಎಂಬುದು ಅದು ಕೇಳುತ್ತಿರುವ ಪ್ರಶ್ನೆ. ಸರಿಯಾದದ್ದು ಇದು (‘$ಸಂ’ ಎಂದರೆ ಆ ಅರ್ಜಿಯ ಸಂಖ್ಯೆಗೆ ಇಟ್ಟ ಹೆಸರು):

ಅರ್ಜಿ( $ಸಂ : ಸಂಖ್ಯೆ )
ನಾಟ್ ದಾಖಲೆ( ಅರ್ಜಿಸಂಖ್ಯೆ == $ಸಂ, ವಿಧ == "ವಿಳಾಸ" )

ದಾಖಲೆಗಳು ಎಷ್ಟೇ ಇರಲಿ, ಕೊರತೆಯಿರುವ ಅರ್ಜಿಗೆ ಒಂದೇ ಸಲ ಫೈರ್ ಆಗುತ್ತದೆ. ‘ಅರ್ಜಿಸಂಖ್ಯೆ == $ಸಂ’ ಬಿಟ್ಟುಹೋದರೆ ಮಾತ್ರ ಅಪಾಯ: ಪಕ್ಕದ ಅರ್ಜಿಯ ವಿಳಾಸದ ದಾಖಲೆ ಈ ಅರ್ಜಿಯ ಕೊರತೆಯನ್ನೂ ಮುಚ್ಚಿಹಾಕುತ್ತದೆ. ಒಂದೇ ಅರ್ಜಿ ಹಾಕಿ ನಡೆಸುವ ಟೆಸ್ಟ್‌ನಲ್ಲಿ ಇದು ಎಂದೂ ಸಿಕ್ಕಿಬೀಳುವುದಿಲ್ಲ. ‘ನಾಟ್’ ಇರುವ ಪ್ರತಿ ರೂಲ್‌ಗೂ ಕನಿಷ್ಠ ಎರಡು ಅರ್ಜಿಗಳಿರುವ ಟೆಸ್ಟ್ ಇರಲೇಬೇಕು; ಒಂದಕ್ಕೆ ದಾಖಲೆ ಇರಲಿ, ಇನ್ನೊಂದಕ್ಕೆ ಬೇಡ.

‘ದಾಖಲೆ( ವಿಧ == ನಲ್ )’ ಎಂಬುದು ಬೇರೆಯೇ ವಿಷಯ. ಅಲ್ಲಿ ಆಬ್ಜೆಕ್ಟ್ ಇದೆ, ಅದರ ಫೀಲ್ಡ್ ಖಾಲಿ. ಇನ್ನು ‘ನಾಟ್’ ಒಳಗೆ ಬೈಂಡ್ ಮಾಡಿದ ವೇರಿಯಬಲ್ ಹೊರಗೆ ಸಿಗುವುದಿಲ್ಲ. ಇಲ್ಲದ ವಸ್ತುವಿಗೆ ಹೆಸರಿಟ್ಟು ಮಾಡುವುದೇನು, ಕಂಪೈಲರ್ ತಡೆಯುವುದು ನ್ಯಾಯವೇ.

ಹೆಚ್ಚು ನೋವು ಕೊಡುವುದು ಸಮಯ. ಫ್ಯಾಕ್ಟ್‌ಗಳನ್ನು ಒಂದೊಂದಾಗಿ ಇನ್ಸರ್ಟ್ ಮಾಡುತ್ತ ನಡುವೆ ‘ಫೈರ್‌ಆಲ್‌ರೂಲ್ಸ್’ (ಹೊಂದಿದ ರೂಲ್‌ಗಳನ್ನು ನಡೆಸುವ ಕರೆ) ಕರೆದರೆ, ಇನ್ನೂ ದಾರಿಯಲ್ಲಿರುವ ದಾಖಲೆಯೂ ‘ಇಲ್ಲ’ ಎಂದೇ ಲೆಕ್ಕ. ಎಲ್ಲವನ್ನೂ ಇನ್ಸರ್ಟ್ ಮಾಡಿದ ಮೇಲೆ ಒಮ್ಮೆ ಕರೆಯುವುದು ಮೊದಲ ಮದ್ದು. ಅದು ಸಾಧ್ಯವಿಲ್ಲದ ಕಡೆ ‘ಇನ್ಸರ್ಟ್‌ಲಾಜಿಕಲ್’ ಬಳಸಿ ‘ಕೊರತೆ’ ಎಂಬ ಫ್ಯಾಕ್ಟ್ ಹಾಕಿ. ದಾಖಲೆ ಬಂದ ತಕ್ಷಣ ಎಂಜಿನ್ ಅದನ್ನು ತಾನೇ ಹಿಂತೆಗೆಯುತ್ತದೆ. ಆ ಕ್ಲಾಸ್‌ನಲ್ಲಿ ‘ಈಕ್ವಲ್ಸ್’ ಮತ್ತು ‘ಹ್ಯಾಶ್‌ಕೋಡ್’ ಸರಿಯಾಗಿ ಬರೆದಿರಬೇಕು. ಆದರೆ ರೂಲ್‌ನ ಕೆಲಸ ಬರೆಯುವ ‘ದೆನ್’ ಭಾಗದಿಂದ ಇಮೇಲ್ ಕಳಿಸಿದ್ದರೆ ಅದನ್ನು ಯಾವ ಎಂಜಿನ್ನೂ ವಾಪಸ್ ತರಲಾರದು. ಹಾಗಾಗಿ ರೂಲ್ ಕೊರತೆಯನ್ನು ಗುರುತಿಸಲಿ, ಅಷ್ಟು ಸಾಕು. ಎಲ್ಲ ರೂಲ್ ಮುಗಿದ ಮೇಲೆ ಉಳಿದ ‘ಕೊರತೆ’ಗಳನ್ನು ಕ್ವೆರಿಯಿಂದ ಎತ್ತಿಕೊಂಡು ಜಾವಾ ಕೋಡ್ ಪತ್ರ ಕಳಿಸಲಿ.

‘10 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ’ ಎಂಬಂಥ ರೂಲ್‌ಗೆ ‘ನಾಟ್’ ಜೊತೆ ‘ಆಫ್ಟರ್’ (ಒಂದಾದ ಮೇಲೆ ಇಷ್ಟು ಹೊತ್ತಿನೊಳಗೆ ಇನ್ನೊಂದು ಎಂಬ ಷರತ್ತು) ಸೇರಿಸಬಹುದು. ಸೆಷನ್ ಸ್ಟ್ರೀಮ್ ಮೋಡ್‌ನಲ್ಲಿದ್ದರೆ (ಘಟನೆಗಳನ್ನು ಕಾಲಕ್ರಮದಲ್ಲಿ ನೋಡುವ ಬಗೆ) ಎಂಜಿನ್ ಆ ಅವಧಿ ಮುಗಿಯುವವರೆಗೆ ಕಾಯುತ್ತದೆ. ಡೀಫಾಲ್ಟ್ ಆದ, ಕಾಲದ ಹರಿವನ್ನು ಗಮನಿಸದ ಕ್ಲೌಡ್ ಮೋಡ್‌ನಲ್ಲಿ ಕಾಯುವುದಿಲ್ಲ. ಟೆಸ್ಟ್‌ಗೆ ನಾವೇ ನಡೆಸುವ ಸ್ಯೂಡೋ ಕ್ಲಾಕ್ ಇದೆ, ಆ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ ‘ಫೈರ್‌ಆಲ್‌ರೂಲ್ಸ್’ ಮತ್ತೆ ಕರೆಯಬೇಕು.

ದಾಖಲೆಗಳು ಅರ್ಜಿಯೊಳಗಿನ ಲಿಸ್ಟ್‌ನಲ್ಲಿದ್ದರೆ ‘ನಾಟ್’ ಜೊತೆ, ಆ ಲಿಸ್ಟ್‌ನೊಳಗೇ ಹುಡುಕುವ ‘ಫ್ರಮ್’ ಬಳಸಬಹುದು. ಆಗ ಅರ್ಜಿಸಂಖ್ಯೆ ಹೊಂದಿಸುವ ತಾಪತ್ರಯವಿಲ್ಲ. ಆದರೆ ಲಿಸ್ಟ್‌ಗೆ ಹೊಸದೊಂದು ಸೇರಿದ್ದು ಎಂಜಿನ್‌ಗೆ ತಿಳಿಯುವುದಿಲ್ಲ. ಅರ್ಜಿಯನ್ನೇ ‘ಅಪ್‌ಡೇಟ್’ ಮಾಡಬೇಕು. ಇದನ್ನು ಮರೆತರೆ ರೂಲ್ ಹಳೆಯ ಸ್ಥಿತಿಗೇ ಅಂಟಿಕೊಂಡಿರುತ್ತದೆ.

‘ಎಲ್ಲವೂ ಹೀಗಿವೆಯೇ’ ಎಂದು ಕೇಳುವ ‘ಫಾರ್‌ಆಲ್’ ಕೂಡ ಒಳಗಿಂದ ಎರಡು ‘ನಾಟ್’ಗಳೇ. ‘ಎಲ್ಲ ದಾಖಲೆಗೂ ಸಹಿ ಇದೆ’ ಎಂದು ಬರೆದ ರೂಲ್, ಒಂದೂ ದಾಖಲೆಯಿಲ್ಲದಾಗ ನಿಜವೆಂದೇ ಹೇಳುತ್ತದೆ. ಅದರ ಪಕ್ಕದಲ್ಲಿ ‘ಎಗ್ಸಿಸ್ಟ್ಸ್ ದಾಖಲೆ’ (ಒಂದು ದಾಖಲೆಯಾದರೂ ಇದೆ) ಎಂಬ ಸಾಲು ಇಲ್ಲದಿದ್ದರೆ ಖಾಲಿ ಅರ್ಜಿ ಸಲೀಸಾಗಿ ಪಾಸಾಗುತ್ತದೆ. ‘ಎರಡಕ್ಕಿಂತ ಕಡಿಮೆ’ ಎಂಬ ಷರತ್ತಿಗೆ, ಹೊಂದುವ ಫ್ಯಾಕ್ಟ್‌ಗಳನ್ನು ಒಟ್ಟುಮಾಡುವ ‘ಅಕ್ಯುಮುಲೇಟ್’ನ ‘ಕೌಂಟ್’ ಸರಿ. ಏನೂ ಸಿಗದಿದ್ದರೂ ಅದು 0 ಕೊಡುತ್ತದೆ.

ದೂರು ಒಂದೇ. ‘ನಾಟ್’ ರೂಲ್ ಫೈರ್ ಆಗದಿದ್ದಾಗ ಅದನ್ನು ತಡೆದ ಫ್ಯಾಕ್ಟ್ ಯಾವುದೆಂದು ಅಜೆಂಡಾ ಲಿಸನರ್ (ಫೈರ್ ಆಗಲು ಕಾದಿರುವ ರೂಲ್‌ಗಳ ಪಟ್ಟಿಯಾದ ಅಜೆಂಡಾವನ್ನು ಗಮನಿಸುವ ಕೋಡ್) ಹೇಳುವುದಿಲ್ಲ, ಯಾಕೆಂದರೆ ಅಜೆಂಡಾಕ್ಕೆ ಏನೂ ಬಂದೇ ಇರುವುದಿಲ್ಲ. ಆ ರೂಲ್‌ನ ಪ್ರತಿ ತೆಗೆದು, ‘ನಾಟ್’ ಪದವನ್ನಷ್ಟೇ ಅಳಿಸಿ, ಪ್ಯಾಟರ್ನ್‌ಗೆ ‘$ದ :’ ಎಂದು ಬೈಂಡ್ ಮಾಡಿ, ‘ದೆನ್’ ಭಾಗದಲ್ಲಿ ಅದನ್ನು ಲಾಗ್‌ಗೆ ಬರೆಸಿ. ತಡೆಯುತ್ತಿರುವ ಫ್ಯಾಕ್ಟ್ ಅಲ್ಲಿ ಹೊರಬೀಳುತ್ತದೆ, ಹೆಚ್ಚಾಗಿ ಬೇರೆ ಅರ್ಜಿಯದ್ದೇ ಆಗಿರುತ್ತದೆ.