ಹಳೆಯ ಪದ್ಮಿನಿ ಕಾರಿಗೆ ಅಲಾರಂ ಕೂಡಿಸಿಕೊಂಡು ನಾನು ಪಟ್ಟ ಪಾಡು

ಹಳೆಯ ಕಾರಿಗೆ ಕಳ್ಳತನ ತಡೆಯುವ ಅಲಾರಂ ಕೂಡಿಸಬೇಕೆಂದಿರುವವರು, ಅದರಲ್ಲೂ ನಮ್ಮ ಕಲಬುರಗಿಯ ಸುತ್ತಮುತ್ತ ಇಂದಿಗೂ ಫಿಯಟ್, ಅಂಬಾಸಿಡರ್‌ಗಳನ್ನು ಜೋಪಾನ ಮಾಡಿಕೊಂಡು ಬಂದಿರುವವರು, ಅಂಗಡಿಯವರಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಾನು ಕೊಂಡ ಅಲಾರಂ ಡಬ್ಬಿ ಈಗಲೂ ನನ್ನ ಕಪಾಟಿನಲ್ಲಿದೆ, ಬ್ಯಾಟರಿಗೆ ಹಚ್ಚಿದರೆ ಸರಿಯಾಗಿಯೇ ಕೂಗುತ್ತದೆ. ಅದನ್ನು ಕೂಡಿಸಿದ ರೀತಿಯಿಂದ ಮಾತ್ರ ಕಾರು ನಡುರಸ್ತೆಯಲ್ಲಿ ಸುಟ್ಟುಹೋಗುವುದರಲ್ಲಿತ್ತು.

ನಮ್ಮದು ತಂದೆಯವರು ಕೊಂಡ 1983ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಿಂದ ಬಂದ ಈ ಗಾಡಿಯ ಮೈಕಟ್ಟು, 1089 ಸಿ.ಸಿ. ಎಂಜಿನ್ ಎಲ್ಲವೂ 1960ರ ದಶಕದ ಫಿಯಟ್ 1100ರಿಂದ ಬಂದವು, ವೈರಿಂಗ್ ಕೂಡ ಆ ಕಾಲದ್ದೇ. ಕಳೆದ ಚಳಿಗಾಲದ ಒಂದು ರಾತ್ರಿ ಯಾರೋ ಮುಂಬಾಗಿಲಿನ ತ್ರಿಕೋನ ಗಾಜಿನ ಚಿಲಕ ಮುರಿದು, ಕೈ ಹಾಕಿ ಬಾಗಿಲು ತೆಗೆದು, ಟೇಪ್ ರೆಕಾರ್ಡರ್ ಕಿತ್ತುಕೊಂಡು ಹೋದರು. ಹಳೆಯ ಫಿಯಟ್‌ನ ಆ ಗಾಜು ಎಷ್ಟು ಬಡವೆಂಬುದು ಇಟ್ಟುಕೊಂಡವರಿಗೆಲ್ಲ ಗೊತ್ತು. ಆ ಸಿಟ್ಟಿನಲ್ಲಿಯೇ ನಗರದ ಒಂದು ಕಾರ್ ಡೆಕೋರ್ ಅಂಗಡಿಗೆ ಹೋಗಿ, ಕೂಲಿ ಸೇರಿ 4,500 ರೂಪಾಯಿಗೆ ಮಾತಾಡಿ, ಸೈರನ್, ಅಲುಗಾಟ ಹಿಡಿಯುವ ಸೆನ್ಸರ್ ಮತ್ತು ಎಂಜಿನ್ ಕಟ್ ಮಾಡುವ ರಿಲೇ (ಕರೆಂಟಿನಿಂದ ತಾನೇ ನಡೆಯುವ ಸ್ವಿಚ್) ಇರುವ ಸೆಟ್ಟನ್ನು ಕೂಡಿಸಲು ಹೇಳಿದೆ.

ಹಳೆಯ ಗಾಡಿಯ ವೈರಿಂಗ್ ಬೇರೆ ಇರುತ್ತದೆ, ನೋಡಿಕೊಂಡು ಮಾಡಪ್ಪ ಎಂದು ನಾನು ಹೇಳಿದ್ದು ನಿಜ. ಹುಡುಗ, “ಏನೂ ಆಗಂಗಿಲ್ರಿ ಸರ್, ದಿನಾ ನಾಕ್ ಗಾಡಿಗಿ ಕೂಡಿಸ್ತೀನ್ರಿ” ಎಂದ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು, ನಾನೂ ಚಹಾ ಕುಡಿದು ಸಮಾಧಾನದಿಂದ ಮನೆಗೆ ಬಂದೆ.

ಮೊದಲ ವಾರ ಓಣಿಯಲ್ಲಿ ನೀರಿನ ಟ್ಯಾಂಕರ್ ಹಾದಾಗಲೆಲ್ಲ ಸೈರನ್ ಕೂಗಿ ನೆರೆಯವರ ನಿದ್ದೆ ಕೆಡಿಸಿತು, ಸೆನ್ಸರಿನ ಬಿಗಿ ಕಡಿಮೆ ಮಾಡಿದ ಮೇಲೆ ಅದು ಸರಿಹೋಯಿತು. ಆದರೆ ಎಂಟು ದಿನ ನಿಲ್ಲಿಸಿದ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿತ್ತು. ಬ್ಯಾಟರಿಯೇ ಹಳತಾಗಿರಬೇಕೆಂದುಕೊಂಡು ಹೊಸದನ್ನು ಹಾಕಿಸಿದೆ. ಅಲ್ಲಿಯೇ ನಾನು ಎಚ್ಚರಗೊಳ್ಳಬೇಕಾಗಿತ್ತು.

ಏಪ್ರಿಲ್ ತಿಂಗಳಲ್ಲಿ ಅವ್ವನನ್ನು ಕೂಡಿಸಿಕೊಂಡು ಗಾಣಗಾಪುರಕ್ಕೆ ಹೊರಟಿದ್ದೆ. ಚೌಡಾಪುರ ದಾಟಿದ ಮೇಲೆ ರಬ್ಬರ್ ಸುಟ್ಟ ವಾಸನೆ ಬಂತು. ಬಿಸಿಲಿಗೆ ಟೈರಿನ ವಾಸನೆಯೆಂದು ಭಾವಿಸುವಷ್ಟರಲ್ಲಿ ಸ್ಟೇರಿಂಗ್ ಕೆಳಗಿನಿಂದ ಬಿಳಿ ಹೊಗೆ ಎದ್ದು ನನ್ನ ಮೊಣಕಾಲಿನ ಮೇಲೆ ಹರಡಿತು. ಎಂಜಿನ್ ಆಫ್ ಮಾಡಿ ಚಾವಿ ಕಿತ್ತರೂ ಹೊಗೆ ನಿಲ್ಲಲಿಲ್ಲ. ಅವ್ವನನ್ನು ಕೆಳಗಿಳಿಸಿ ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ಟರ್ಮಿನಲ್ ಬಿಚ್ಚಲು ಬೇಕಾದ ಹತ್ತನೇ ನಂಬರಿನ ಪಾನಾ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗಿತ್ತು. ಅದನ್ನು ಹುಡುಕಿ ತರುವ ಒಂದೆರಡು ನಿಮಿಷ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಏನು ಉರಿಯುತ್ತಿದೆಯೋ ಎಂದು ತಿಳಿಯದೆ ಕೈ ನಡುಗುತ್ತಿತ್ತು.

ಗಾಡಿಯನ್ನು ಎಳೆಸಿಕೊಂಡು ಬಂದು ನಮ್ಮ ಹಳೆಯ ಎಲೆಕ್ಟ್ರಿಷಿಯನ್ ಉಸ್ತಾದರ ಮುಂದೆ ನಿಲ್ಲಿಸಿದೆ. ಅವರು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಟಾರ್ಚ್ ಹಿಡಿದು ನನ್ನನ್ನೂ ನೋಡೆಂದರು. ಎಂಜಿನ್ ಮತ್ತು ಒಳಭಾಗದ ನಡುವಿನ ತಗಡಿಗೆ ಆ ಹುಡುಗ ಡ್ರಿಲ್ಲಿನಿಂದ ಹೊಸ ತೂತು ಕೊರೆದು, ಅದಕ್ಕೆ ರಬ್ಬರ್ ಬುಷ್ ಹಾಕದೆ, ಬ್ಯಾಟರಿಯ ಪಾಸಿಟಿವ್ ವೈರನ್ನು ಬರಿದೇ ತೂರಿಸಿದ್ದ. ಹರಿತವಾದ ತಗಡಿನ ಅಂಚು ನಾಲ್ಕು ತಿಂಗಳ ಕುಲುಕಾಟದಲ್ಲಿ ವೈರಿನ ಸಿಪ್ಪೆಯನ್ನು ಸವೆಸಿ, ತಾಮ್ರದ ಎಳೆಗಳು ತಗಡಿಗೆ ತಾಗಿ ಕರಗಿ ಸಣ್ಣ ಗುಂಡಿನಂತೆ ಅಂಟಿಕೊಂಡಿದ್ದವು. ಪದ್ಮಿನಿಯ ಇಡೀ ಬಾಡಿಯೇ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವುದರಿಂದ, ಪಾಸಿಟಿವ್ ವೈರು ಎಲ್ಲಿ ತಾಗಿದರೂ ಅದು ನೇರ ಶಾರ್ಟ್.

ಹಾಗಾದರೆ ಫ್ಯೂಸ್ ಏಕೆ ಹೋಗಲಿಲ್ಲವೆಂದು ಕೇಳಿದೆ. ಫ್ಯೂಸ್ ಇತ್ತು, ಆದರೆ ಒಳಗೆ, ಅಲಾರಂ ಡಬ್ಬಿಯ ಪಕ್ಕದಲ್ಲಿತ್ತು. ಸೆಟ್ಟಿನ ವೈರು ಸಾಲದೆ ಹುಡುಗ ತೆಳ್ಳನೆಯ ಇನ್ನೊಂದು ವೈರನ್ನು ತಿರುಚಿ ಟೇಪು ಸುತ್ತಿ ಬ್ಯಾಟರಿಯವರೆಗೆ ಎಳೆದಿದ್ದರಿಂದ, ಶಾರ್ಟ್ ಆದ ಜಾಗ ಬ್ಯಾಟರಿ ಮತ್ತು ಫ್ಯೂಸಿನ ನಡುವೆ ಉಳಿದಿತ್ತು. ಬ್ಯಾಟರಿಯ ಪೂರ್ತಿ ಕರೆಂಟು ಫ್ಯೂಸನ್ನು ಮುಟ್ಟದೆಯೇ ಬಾಡಿಗೆ ಇಳಿಯಿತು, ಆ ವೈರಿನ ಜೊತೆ ಕಟ್ಟಿದ್ದ ಕಂಪನಿಯ ವೈರುಗಳೂ ಕರಗಿದವು. ನಮ್ಮ ಕಡೆಯ ಬೇಸಿಗೆಯಲ್ಲಿ ಟೇಪಿನ ಅಂಟು ಎಣ್ಣೆಯಂತೆ ಜಾರಿ ಜೋಡಣೆಗಳು ಬಿಚ್ಚಿಕೊಂಡದ್ದನ್ನೂ ಉಸ್ತಾದರು ತೋರಿಸಿದರು. “ಕಳ್ಳ ಒಯ್ದಿದ್ರ ಗಾಡಿ ಎಲ್ಲ್ಯಾರ ಒಂದ್ಕಡಿ ಓಡಾಡ್ತಿತ್ತು ಸರ್” ಎಂದು ಅವರು ನಕ್ಕಾಗ ನನಗೆ ನಗು ಬರಲಿಲ್ಲ.

ಬ್ಯಾಟರಿ ಸತ್ತದ್ದರ ಗುಟ್ಟೂ ಅಂದೇ ತಿಳಿಯಿತು. ಅಲಾರಂ ಲಾಕ್ ಆಗಿರುವಷ್ಟು ಹೊತ್ತೂ ಎಂಜಿನ್ ಕಟ್ ಮಾಡುವ ರಿಲೇ ಕರೆಂಟು ತಿನ್ನುತ್ತಲೇ ಇರುವಂತೆ ಜೋಡಿಸಲಾಗಿತ್ತು. ಮೀಟರಿನಲ್ಲಿ 180 ಮಿಲಿ ಆಂಪಿಯರ್ ತೋರಿಸಿತು, ಅಂದರೆ ದಿನಕ್ಕೆ ನಾಲ್ಕು ಆಂಪಿಯರ್ ಅವರ್‌ಗೂ ಹೆಚ್ಚು. 35 ಆಂಪಿಯರ್ ಅವರ್ ಬ್ಯಾಟರಿ ಎಂಟು ದಿನಕ್ಕೆ ಬರಿದಾಗುವುದು ಸಹಜ. ಚಾವಿ ತಿರುಗಿಸಿದಾಗ ಮಾತ್ರ ರಿಲೇ ಕೆಲಸ ಮಾಡುವಂತೆ ಜೋಡಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಅದೂ ಅಲ್ಲದೆ ಆ ರಿಲೇಯನ್ನು ಹುಡುಗ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಶನ್ ಕಾಯಿಲಿನ ಸಾಲಿನಲ್ಲಿ ಹಾಕಿದ್ದ. ಓಡುವಾಗ ಅದು ಕೈಕೊಟ್ಟರೆ ಎಂಜಿನ್ ತಟ್ಟನೆ ನಿಂತುಬಿಡುತ್ತದೆ. ಸ್ಟಾರ್ಟರ್ ಸಾಲಿನಲ್ಲಿದ್ದರೆ ಹೆಚ್ಚೆಂದರೆ ಗಾಡಿ ಮುಂದಿನ ಸಲ ಚಾಲೂ ಆಗುವುದಿಲ್ಲ, ಅಷ್ಟೇ.

ಅಂಗಡಿಯವರು ಗ್ಯಾರಂಟಿ ಡಬ್ಬಿಗೆ ಮಾತ್ರ, ಫಿಟಿಂಗಿಗಲ್ಲ ಎಂದರು. ನನ್ನ ಕೈಯಲ್ಲಿದ್ದದ್ದು ಹೆಸರೂ ಇಲ್ಲದ ಕಚ್ಚಾ ಚೀಟಿ. ಪಕ್ಕಾ ಬಿಲ್ಲು ಇದ್ದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಧೈರ್ಯವಾಗಿ ಹೋಗಬಹುದಿತ್ತು, ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅಲಾರಂ ಹಾಕಿದರೆ ವಿಮೆಯ ಕಂತು ಇಳಿಯುತ್ತದೆಂದು ಅವರು ಹೇಳಿದ್ದೂ ಟೊಳ್ಳೇ ಆಯಿತು. ಆ ರಿಯಾಯಿತಿ ವಾಹನಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ ಎ.ಆರ್.ಎ.ಐ.ಯ ಮಾನ್ಯತೆ ಇರುವ ಸಾಧನಕ್ಕೆ ಮಾತ್ರ, ನನ್ನ ಡಬ್ಬಿಯ ಮೇಲೆ ಅಂಥ ಗುರುತೇ ಇರಲಿಲ್ಲ.

ಆದ್ದರಿಂದ ಅಲಾರಂ ಬೇಕೇಬೇಕೆನ್ನುವವರು ಕೆಲಸ ನಡೆಯುವಾಗ ಚಹಾಕ್ಕೆ ಹೋಗದೆ ಪಕ್ಕದಲ್ಲೇ ನಿಲ್ಲಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ, ಹೊಸ ತೂತು ಕೊರೆಯಲು ಬಿಡಬೇಡಿ, ಕಂಪನಿಯವರೇ ಬಿಟ್ಟ ತೂತಿನಿಂದ ವೈರು ಎಳೆಸಿ, ಜೋಡಣೆಗಳಿಗೆ ಬೆಸುಗೆ ಹಾಕಿಸಿ. 1950–60ರ ದಶಕದ ಕೆಲವು ಬ್ರಿಟಿಷ್ ಕಾರುಗಳಲ್ಲಿ ಬಾಡಿ ಪಾಸಿಟಿವ್ ಆಗಿರುತ್ತದೆ, ಅಂಥವಕ್ಕೆ ಈಗಿನ ಸೆಟ್ಟುಗಳನ್ನು ಮುಟ್ಟಿಸಲೇಬಾರದು.

ನಾನಂತೂ ಎಲ್ಲವನ್ನೂ ಕೀಳಿಸಿ, ಬ್ಯಾಟರಿಯ ನೆಗೆಟಿವ್‌ಗೆ ತಿರುವಿ ಬಿಚ್ಚುವ ಕಟ್-ಆಫ್ ಸ್ವಿಚ್ ಹಾಕಿಸಿದ್ದೇನೆ. ರಾತ್ರಿ ಅದರ ಗುಂಡಿಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಮನೆಯೊಳಗೆ ಬರುತ್ತೇನೆ. ಸುಟ್ಟ ವೈರಿಂಗ್ ಬದಲಿಸಲು 11,000 ರೂಪಾಯಿ ಆಯಿತು. ತಗಡಿನ ತೂತಿಗೆ ಉಸ್ತಾದರು ರಬ್ಬರ್ ಬಿರಡೆ ಬಡಿದಿದ್ದಾರೆ, ಹತ್ತನೇ ನಂಬರಿನ ಪಾನಾ ಈಗ ಡ್ರೈವರ್ ಸೀಟಿನ ಕೆಳಗಿರುತ್ತದೆ.